ಉಮ್ಮನ ಕ್ಯಾಲೆಂಡರ್

ನಮ್ಮ ಕಡೆಯ ಮುಸ್ಲಿಮ್ ಮನೆಗಳಲ್ಲಿ ಮುಟ್ಟು ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ನಮಾಝ್ ಇಲ್ಲ’ ಎಂದರೆ ಸಾಕು, ಹೆಂಗಸರಿಗೆಲ್ಲ ಅರ್ಥವಾಗುತ್ತದೆ. ಮದುವೆ ಮನೆಯಲ್ಲಿ ಎಲ್ಲರೂ ನಮಾಝ್‌ಗೆ ಎದ್ದಾಗ ಮೂಲೆಯಲ್ಲಿ ಕುಳಿತೇ ಇರುವವಳನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ. ಈ ಎರಡು ಪದಗಳ ಮರೆಯಲ್ಲಿ ನಾವು ಎಷ್ಟೋ ತಲೆಮಾರುಗಳಿಂದ ಮಾನ ಉಳಿಸಿಕೊಂಡು ಬಂದಿದ್ದೇವೆ. ಅದೇ ಮರೆಯಲ್ಲಿ ಒಂದು ಕಾಯಿಲೆಯೂ ಅಡಗಿ ಕೂರಬಲ್ಲದು ಎಂದು ನನಗೆ ತಿಳಿದದ್ದು 2009ರ ರಮಝಾನ್ ತಿಂಗಳಲ್ಲಿ.

ಉಮ್ಮನಿಗೆ ಆಗ 57 ವರ್ಷ. ಬಾಪ ತೀರಿಕೊಂಡು ಐದು ವರ್ಷಗಳಾಗಿದ್ದವು. ಬಂಟ್ವಾಳ ತಾಲೂಕಿನ ನಮ್ಮ ಹಳ್ಳಿಮನೆಯಲ್ಲಿ ಉಮ್ಮ, ತಮ್ಮನ ಹೆಂಡತಿ ಮತ್ತು ಅವಳ ಇಬ್ಬರು ಮಕ್ಕಳು. ತಮ್ಮ ದಮ್ಮಾಮಿನಲ್ಲಿ ಡ್ರೈವರ್. ನಾನು ಮದುವೆಯಾಗಿ ಹದಿನೈದು ಕಿಲೋಮೀಟರ್ ದೂರದ ಊರಿಗೆ ಬಂದವಳು, ಅಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ರಮಝಾನಿನ ಮೊದಲ ಹತ್ತರಲ್ಲಿ ಒಂದು ರವಿವಾರ ಮೂರು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಹಿಂದಿನ ರಾತ್ರಿ ಉಮ್ಮ ಎಲ್ಲರಿಗಿಂತ ಮೊದಲೇ ಎದ್ದು ಸಹರಿಗೆ ಪತ್ತಿರ್ ಬಿಸಿ ಮಾಡಿ ಬಡಿಸಿದ್ದರು. ತಾವೂ ಉಂಡಿದ್ದರು.

ಮಧ್ಯಾಹ್ನ ಎಲ್ಲರೂ ಮಲಗಿದ್ದ ಹೊತ್ತು. ಮಗಳ ಬಟ್ಟೆ ಒಗೆದು ಹಾಕಲೆಂದು ಹಿತ್ತಿಲಿಗೆ ಹೋದೆ. ಸೌದೆ ಕೊಟ್ಟಿಗೆಯ ಒಳಗೆ ಉಮ್ಮ ಗೋಡೆಗೆ ಮುಖ ಮಾಡಿ ನಿಂತು ಚೆಂಬಿನಿಂದ ಗಂಜಿತಿಳಿ ಕುಡಿಯುತ್ತಿದ್ದರು. ನನ್ನನ್ನು ಕಂಡದ್ದೇ ಚೆಂಬನ್ನು ಸೆರಗಿನೊಳಗೆ ಮುಚ್ಚಿದರು. ಅವರು ಮೊದಲು ಕೇಳಿದ ಮಾತು, “ಮಕ್ಕಳು ಯಾರಾದರೂ ನೋಡಿದರಾ?”

ಉಮ್ಮನಿಗೆ ಸಕ್ಕರೆ ಕಾಯಿಲೆಯಿತ್ತು. “ಸಕ್ಕರೆ ಇಳಿದು ತಲೆ ತಿರುಗಿತಾ ಉಮ್ಮ? ಹಾಗಿದ್ದರೆ ಕುಡಿಯಿರಿ, ಅದಕ್ಕೆ ಅಡಗುವುದು ಯಾಕೆ?” ಎಂದೆ. ಅವರು ನೆಲ ನೋಡುತ್ತ, “ನಮಾಝ್ ಇಲ್ಲ” ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಉಮ್ಮನಿಗೆ ಮುಟ್ಟು ನಿಂತು ಒಂಬತ್ತು ವರ್ಷಗಳಾಗಿದ್ದವು. ನಿಂತ ವರ್ಷ ಅವರು, “ಇನ್ನು ರಮಝಾನಿನಲ್ಲಿ ಒಂದು ಉಪವಾಸವೂ ತಪ್ಪುವುದಿಲ್ಲ” ಎಂದು ಸಂತೋಷಪಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

“ಮತ್ತೆ ಶುರುವಾಗಿದೆ. ಉಷ್ಣ ಆಗಿರಬೇಕು. ಜೀರಿಗೆ ನೀರು, ಎಳನೀರು ಕುಡಿಯುತ್ತಿದ್ದೇನೆ. ನೀನು ಯಾರಲ್ಲೂ ಹೇಳಬೇಡ. ಮೊಮ್ಮಕ್ಕಳಿರುವವಳಿಗೆ ಈ ವಯಸ್ಸಿನಲ್ಲಿ ಹೀಗೆ ಎಂದರೆ ಜನ ಏನೆಂದಾರು?” ಎಂದರು.

ಎಷ್ಟು ಸಮಯದಿಂದ ಎಂದು ಕೇಳಿದೆ. ಅವರು ಉತ್ತರ ಕೊಡದೆ ಒಳಗೆ ಹೋದರು. ಸಂಜೆ ಅಡುಗೆಮನೆಯ ಬಾಗಿಲ ಹಿಂದೆ ತೂಗು ಹಾಕಿದ್ದ ಕ್ಯಾಲೆಂಡರ್ ಕಡೆಗೆ ಕಣ್ಣಿನಲ್ಲೇ ಸನ್ನೆ ಮಾಡಿದರು.

ಆ ಕ್ಯಾಲೆಂಡರ್ ನಾನು ಚಿಕ್ಕಂದಿನಿಂದ ನೋಡಿದ್ದೇ. ಪ್ರತಿ ವರ್ಷ ಹೊಸದು ಬರುತ್ತಿತ್ತು, ಆದರೆ ಉಮ್ಮನ ಪೆನ್ಸಿಲ್ ಗೆರೆಗಳು ಮಾತ್ರ ಬದಲಾಗುತ್ತಿರಲಿಲ್ಲ. ಮುಟ್ಟಿನ ದಿನಗಳಿಗೆ ತಾರೀಕಿನ ಕೆಳಗೆ ಒಂದೊಂದು ಸಣ್ಣ ಗೆರೆ. ರಮಝಾನಿನಲ್ಲಿ ತಪ್ಪಿದ ಉಪವಾಸಕ್ಕೆ ಒಂದು ಸೊನ್ನೆ, ಅದನ್ನು ಮುಂದೆ ಕಝಾ ಹಿಡಿದಾಗ ಆ ಸೊನ್ನೆಯ ಮೇಲೆ ಅಡ್ಡಗೆರೆ. ಉಳಿದ ಬಾಕಿಯನ್ನು ಹೊಸ ವರ್ಷದ ಮೊದಲ ಹಾಳೆಗೆ ಬರೆದುಕೊಳ್ಳುತ್ತಿದ್ದರು. ನಾಲ್ಕನೇ ತರಗತಿಯವರೆಗೆ ಮಾತ್ರ ಕಲಿತ ಉಮ್ಮನ ಲೆಕ್ಕ ಒಂದು ದಿನವೂ ತಪ್ಪುತ್ತಿರಲಿಲ್ಲ. ಮುಟ್ಟು ನಿಂತ ಮೇಲೆ ಒಂಬತ್ತು ವರ್ಷ ಕ್ಯಾಲೆಂಡರ್ ಖಾಲಿಯಿತ್ತು. ಆ ಸಂಜೆ ನಾನು ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಹೋದೆ. ಆಗಸ್ಟ್‌ನಲ್ಲಿ ಹನ್ನೊಂದು ಗೆರೆ. ಜುಲೈಯಲ್ಲಿ ಎಂಟು. ಜೂನಿನಲ್ಲಿ ಆರು. ಮೇ ತಿಂಗಳಲ್ಲಿ ಮೂರು. ಎಪ್ರಿಲ್ 19ರ ಕೆಳಗೆ ಒಂದೇ ಒಂದು, ಅದೂ ಅಳಿಸಿ ಮತ್ತೆ ಹಾಕಿದ್ದು.

ತಮ್ಮನ ಹೆಂಡತಿಯನ್ನು ಮೆಲ್ಲಗೆ ಕೇಳಿದೆ. ಅವಳು ಅಳುವಂತಾದಳು. “ನನಗೆ ಸಂಶಯವಿತ್ತು. ಮಾಮಿ ರಾತ್ರಿ ಹೊತ್ತು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಆದರೆ ಮಾಮಿಯಲ್ಲಿ ಅದನ್ನೆಲ್ಲ ಹೇಗೆ ಕೇಳುವುದು?” ಎಂದಳು. ಒಂದೇ ಸೂರಿನಡಿ ಇದ್ದ ಇಬ್ಬರು ಹೆಂಗಸರು ನಾಲ್ಕು ತಿಂಗಳು ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ನಟಿಸಿದ್ದರು.

ಇಷ್ಟೆಲ್ಲ ಗೊತ್ತಾದ ಮೇಲೆ ನಾನೇನು ಮಾಡಿದೆ? ವಿದ್ಯಾವಂತೆ, ಶಿಕ್ಷಕಿ, ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ದೆ ಎಂದು ಬರೆಯಲು ಆಸೆಯಾಗುತ್ತದೆ. ಆದರೆ ಹಾಗೆ ಮಾಡಲಿಲ್ಲ. “ಹಬ್ಬ ಕಳೆಯಲಿ ಉಮ್ಮ, ಆಮೇಲೆ ಹೋಗೋಣ” ಎಂದೆ. ಉಮ್ಮನಿಗೂ ಅದೇ ಬೇಕಿತ್ತು. ಮನೆಗೆ ಹಿಂದಿರುಗಿ ನನ್ನ ಕೆಲಸದಲ್ಲಿ ಮುಳುಗಿದೆ. ಆ ಮೂರು ವಾರಗಳ ಬಗ್ಗೆ ಇಂದಿಗೂ ನನಗೆ ಸಂಕಟವಿದೆ. ನನ್ನನ್ನು ಎಚ್ಚರಿಸಿದ್ದು ಶಾಲೆಯ ಸಹೋದ್ಯೋಗಿ, ಹಿರಿಯ ಶಿಕ್ಷಕಿ. ಹಬ್ಬದ ರಜೆ ಮುಗಿದು ಬಂದ ದಿನ ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬಂದು ಹೇಳಿಬಿಟ್ಟೆ. ಅವರು ಊಟದ ಡಬ್ಬಿ ಮುಚ್ಚಿಟ್ಟು, “ಟೀಚರ್, ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ಕಂಡರೂ ಕಾಯಬಾರದು. ನಾಳೆ ನೀವು ರಜೆ ಹಾಕಿ” ಎಂದರು.

ಉಮ್ಮ ಒಂದೇ ಷರತ್ತು ಹಾಕಿದರು, ಮಹಿಳಾ ವೈದ್ಯೆಯೇ ಆಗಬೇಕು. ಅದು ಕಷ್ಟವಾಗಲಿಲ್ಲ. ಮಂಗಳೂರಿನಲ್ಲಿ ಒಬ್ಬ ಹಿರಿಯ ಸ್ತ್ರೀರೋಗ ತಜ್ಞೆಯ ಬಳಿಗೆ ಹೋದೆವು. ಯಾವಾಗಿನಿಂದ, ಎಷ್ಟು ದಿನ, ಎಷ್ಟು ಪ್ರಮಾಣ ಎಂದು ಅವರು ಕೇಳತೊಡಗಿದಾಗ ಉಮ್ಮ ಬುರ್ಖಾದ ಒಳಗಿನಿಂದ ಒಂದು ಸುರುಳಿ ತೆಗೆದು ಮೇಜಿನ ಮೇಲಿಟ್ಟರು. ನನಗೂ ಹೇಳದೆ ಕ್ಯಾಲೆಂಡರಿನ ಹಾಳೆಗಳನ್ನು ಹರಿದು ತಂದಿದ್ದರು. ವೈದ್ಯೆ ಒಂದೊಂದೇ ತಿಂಗಳನ್ನು ನೋಡಿದರು. “ಇಷ್ಟು ಸರಿಯಾದ ಲೆಕ್ಕ ನನಗೆ ಓದಿದವರೂ ಕೊಡುವುದಿಲ್ಲ” ಎಂದರು. ಉಮ್ಮನ ಮುಖದಲ್ಲಿ ಆ ದಿನ ಮೊದಲ ಸಲ ಸ್ವಲ್ಪ ನಗು ಕಂಡೆ.

ಆ ವೈದ್ಯೆ ಹೇಳಿದ್ದನ್ನು ಇಲ್ಲಿ ಸರಳವಾಗಿ ಬರೆಯುತ್ತೇನೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಅದು ನಿಂತಿದೆ ಎಂದು ಅರ್ಥ. ನಮ್ಮ ದೇಶದ ಹೆಂಗಸರಲ್ಲಿ ಇದು ಹೆಚ್ಚಾಗಿ 45ರಿಂದ 50ರ ನಡುವೆ ಆಗುತ್ತದೆ. ಅದರ ನಂತರ ಕಾಣುವ ರಕ್ತವನ್ನು ‘ಮತ್ತೆ ಮುಟ್ಟು ಬಂತು’ ಎಂದು ತಿಳಿಯುವಂತಿಲ್ಲ. ಕಾರಣ ಸಣ್ಣದೂ ಇರಬಹುದು. ವಯಸ್ಸಾದಂತೆ ಒಳಪದರ ತೆಳುವಾಗಿ ಒಣಗುವುದರಿಂದಲೂ, ಗರ್ಭಕೋಶದೊಳಗೆ ಬೆಳೆದ ಸಣ್ಣ ದುರ್ಮಾಂಸದಿಂದಲೂ ರಕ್ತ ಬರುತ್ತದೆ. ಆದರೆ ಹೀಗೆ ಬರುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಗರ್ಭಕೋಶದ ಒಳಪದರದ ಕ್ಯಾನ್ಸರ್. ಮೈತೂಕ ಹೆಚ್ಚಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಈ ಕ್ಯಾನ್ಸರಿನಲ್ಲಿ ಒಂದು ಒಳ್ಳೆಯ ಸಂಗತಿಯೂ ಇದೆ. ಹೆಚ್ಚಿನವರಲ್ಲಿ ಅದು ಆರಂಭದಲ್ಲೇ ರಕ್ತದ ಮೂಲಕ ತನ್ನ ಸುಳಿವು ಕೊಡುತ್ತದೆ. ಆ ಹಂತದಲ್ಲಿ ಹಿಡಿದರೆ ಹೆಚ್ಚಿನವರು ಗುಣವಾಗುತ್ತಾರೆ. “ಅದು ಬಾಗಿಲು ತಟ್ಟುತ್ತದಮ್ಮ, ನೀವು ತೆರೆಯಬೇಕು ಅಷ್ಟೆ” ಎಂದರು ವೈದ್ಯೆ.

ಸ್ಕ್ಯಾನ್ ಆಯಿತು. ಮುಟ್ಟು ನಿಂತವರಲ್ಲಿ ಗರ್ಭಕೋಶದ ಒಳಪದರ ಸಾಮಾನ್ಯವಾಗಿ 4 ಮಿಲಿಮೀಟರಿಗಿಂತ ತೆಳುವಾಗಿರುತ್ತದೆ. ಉಮ್ಮನದು 14 ಇತ್ತು. ಒಳಪದರದ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಒಂದು ವಾರದ ನಂತರ ಫಲಿತಾಂಶ ಬಂತು. ಕ್ಯಾನ್ಸರ್.

ಆ ರಾತ್ರಿ ಉಮ್ಮನ ಪಕ್ಕದಲ್ಲಿ ಮಲಗಿದ್ದೆ. ಕತ್ತಲೆಯಲ್ಲಿ ಅವರು ಮೆಲ್ಲಗೆ, “ನಿನ್ನ ದೊಡ್ಡಮ್ಮನಿಗೂ ಹೀಗೇ ಆಗಿತ್ತು” ಎಂದರು. ಉಮ್ಮನ ಅಕ್ಕ ನಾನು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡಿದ್ದರು. ಹೊಟ್ಟೆನೋವು ಎಂದಷ್ಟೇ ನಮಗೆ ಗೊತ್ತಿತ್ತು. ಕೊನೆಯ ದಿನಗಳಲ್ಲಿ ಅವರನ್ನು ಮಲಗಿಸಿದ್ದ ಕೋಣೆಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಅವರಿಗೆ ಎರಡು ವರ್ಷ ರಕ್ತ ಹೋಗುತ್ತಿತ್ತೆಂದೂ, ಅದನ್ನು ತಂಗಿಯೊಬ್ಬಳಿಗೆ ಬಿಟ್ಟರೆ ಗಂಡನಿಗೂ ಹೇಳಿರಲಿಲ್ಲವೆಂದೂ ನನಗೆ ತಿಳಿದದ್ದು ಆ ರಾತ್ರಿ. ಅಕ್ಕ ಹೋದ ದಾರಿ ಕಣ್ಣಾರೆ ಕಂಡಿದ್ದ ಉಮ್ಮ ತಾನೂ ಅದೇ ದಾರಿಯಲ್ಲಿ ನಾಲ್ಕು ತಿಂಗಳು ಮೌನವಾಗಿ ನಡೆದಿದ್ದರು. ಭಯವಿರಲಿಲ್ಲವೇ ಎಂದು ಕೇಳಿದೆ. “ಭಯ ಇತ್ತು. ನಾಚಿಕೆ ಅದಕ್ಕಿಂತ ಹೆಚ್ಚಿತ್ತು” ಎಂದರು.

ತಮ್ಮನಿಗೆ ಹೇಗೆ ಹೇಳುವುದೆಂಬುದು ಮತ್ತೊಂದು ಸಮಸ್ಯೆ. ‘ಹೊಟ್ಟೆಯಲ್ಲಿ ಗಡ್ಡೆ’ ಎಂದು ಹೇಳು ಎಂದರು ಉಮ್ಮ. ಗಂಡುಮಗನಿಗೆ ಗರ್ಭಕೋಶದ ಮಾತು ಹೇಳುವುದುಂಟೇ? ನಾನು ಒಪ್ಪಲಿಲ್ಲ. ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಚೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅವನು, “ನಾನು ಹುಟ್ಟಿದ್ದು ಅಲ್ಲಿಂದಲೇ ಅಲ್ಲವಾ? ನನ್ನಲ್ಲಿ ಹೇಳಲು ಏನು ನಾಚಿಕೆ? ಉಮ್ಮನಿಗೆ ಫೋನ್ ಕೊಡು” ಎಂದ. ಉಮ್ಮ ಫೋನ್ ಹಿಡಿದುಕೊಂಡು ಅತ್ತರು. ಕಾಯಿಲೆ ಗೊತ್ತಾದಾಗಲೂ ಅವರು ಅತ್ತಿರಲಿಲ್ಲ. ನಮ್ಮ ಗಂಡಸರು ಕೇಳಿಸಿಕೊಳ್ಳಲಾರರು ಎಂದು ನಾವೇ ತೀರ್ಮಾನಿಸಿಬಿಡುತ್ತೇವೇನೋ ಎಂದು ನನಗೆ ಅಂದು ಅನಿಸಿತು.

ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆ ಅಕ್ಟೋಬರಿನಲ್ಲಿ ಆಯಿತು. ಕಾಯಿಲೆ ಗರ್ಭಕೋಶ ದಾಟಿ ಹೊರಗೆ ಹೋಗಿರಲಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ಹೀಗೆ ಹೇಳುವಂತಿರಲಿಲ್ಲ ಎಂದರು ವೈದ್ಯೆ. ಐದು ವರ್ಷ ಕಾಲಕಾಲಕ್ಕೆ ತಪಾಸಣೆಗೆ ಹೋದೆವು. ಅಲ್‌ಹಮ್ದುಲಿಲ್ಲಾಹ್, ಉಮ್ಮ ಇಂದು ಎಪ್ಪತ್ತು ದಾಟಿ ಮೊಮ್ಮಕ್ಕಳ ಮದುವೆಯ ಮಾತಾಡುತ್ತ ನಮ್ಮೊಂದಿಗಿದ್ದಾರೆ.

ಆಸ್ಪತ್ರೆಯ ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆಯೊಂದಿದೆ. ಉಮ್ಮನಿಗೆ ಈ ನಾಚಿಕೆಯನ್ನು ಕಲಿಸಿದವರು ಯಾರು? ಹಯಾ ಈಮಾನಿನ ಭಾಗ ಎಂದು ನಾವೆಲ್ಲ ಮದ್ರಸದಲ್ಲಿ ಕಲಿತಿದ್ದೇವೆ. ಆದರೆ ಅದೇ ಮದ್ರಸದಲ್ಲಿ ಹೈಝ್, ನಿಫಾಸ್, ಇಸ್ತಿಹಾಝ ಎಂಬ ಪಾಠಗಳನ್ನೂ ನಾವು ಬಾಯಿಪಾಠ ಮಾಡಿದ್ದೇವೆ. ಹೈಝ್ ಎಂದರೆ ತಿಂಗಳ ಮುಟ್ಟು, ನಿಫಾಸ್ ಎಂದರೆ ಹೆರಿಗೆಯ ನಂತರದ ರಕ್ತ, ಇವೆರಡೂ ಅಲ್ಲದೆ ಬರುವ ರಕ್ತ ಇಸ್ತಿಹಾಝ. ಈ ಪಾಠ ಬಂದದ್ದಾದರೂ ಎಲ್ಲಿಂದ? ಹೆಂಗಸರು ಕೇಳಿದ ಪ್ರಶ್ನೆಗಳಿಂದ. ಫಾತಿಮಾ ಬಿಂತ್ ಅಬೀ ಹುಬೈಶ್(ರ) ಎಂಬ ಸಹಾಬಿ ಮಹಿಳೆ ಪ್ರವಾದಿ(ಸ)ರ ಬಳಿಗೇ ಬಂದು, ತನಗೆ ರಕ್ತ ನಿಲ್ಲುತ್ತಲೇ ಇಲ್ಲ, ನಮಾಝ್ ಬಿಡಬೇಕೇ ಎಂದು ನೇರವಾಗಿ ಕೇಳಿದರು. ಅದು ಮುಟ್ಟಲ್ಲ, ಒಂದು ನರದಿಂದ ಬರುವ ರಕ್ತ ಎಂದು ಪ್ರವಾದಿ(ಸ) ಬಿಡಿಸಿ ಹೇಳಿದರು. ಪ್ರವಾದಿಯವರು ಆಕೆಯನ್ನು ಗದರಲಿಲ್ಲ, ಮುಖ ತಿರುಗಿಸಲಿಲ್ಲ. ಮದೀನಾದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದೇ ಈ ಕಾರಣಕ್ಕೆ. ಧರ್ಮವನ್ನು ಅರಿತುಕೊಳ್ಳಲು ನಾಚಿಕೆ ಅವರಿಗೆ ಅಡ್ಡಿಯಾಗಲಿಲ್ಲ ಎಂಬುದು ಅವರ ಮೆಚ್ಚುಗೆಯಾಗಿತ್ತು.

ಯಾವ ರಕ್ತಕ್ಕೆ ಯಾವ ವಿಧಿ ಎಂಬ ಸೂಕ್ಷ್ಮಗಳನ್ನು ವಿದ್ವಾಂಸರೇ ಹೇಳಲಿ, ಅದು ನನ್ನ ಕೆಲಸವಲ್ಲ. ನಾನು ಹೇಳುತ್ತಿರುವುದು ಇಷ್ಟೇ. ನಮಾಝ್‌ಗಾಗಿ ಒಂದೊಂದು ದಿನವನ್ನೂ ಎಣಿಸುವ ಶಿಸ್ತನ್ನು ನಮ್ಮ ಹೆಂಗಸರಿಗೆ ದೀನ್ ಕಲಿಸಿದೆ. ಆ ಲೆಕ್ಕ ಉಮ್ಮನಲ್ಲಿತ್ತು. ಅದನ್ನು ಯಾರಿಗಾದರೂ ತೋರಿಸಬಹುದು ಎಂಬುದು ಮಾತ್ರ ಗೊತ್ತಿರಲಿಲ್ಲ. ಮೈಮುಚ್ಚುವ ಹಯಾ ಬೇರೆ, ಕಾಯಿಲೆ ಮುಚ್ಚುವ ನಾಚಿಕೆ ಬೇರೆ. ಎರಡನೆಯದನ್ನು ನಾವು ಮೊದಲನೆಯದರ ಹೆಸರಿನಲ್ಲಿ ಸಾಕಿಕೊಂಡು ಬಂದಿದ್ದೇವೆ.

ಉಮ್ಮನ ಕಥೆಯಿಂದ ನಾನು ಬುದ್ಧಿ ಕಲಿತೆ ಎಂದುಕೊಂಡಿದ್ದೆ. ಆದರೆ ಐದು ವರ್ಷದ ನಂತರ ನನ್ನ ಸರದಿ ಬಂದಾಗ ನಾನೂ ಅದನ್ನೇ ಮಾಡಿದೆ. 2014ರಲ್ಲಿ ನನಗೆ 38 ವರ್ಷ. ಮುಟ್ಟಿನ ಸ್ರಾವ ತಿಂಗಳಿಂದ ತಿಂಗಳಿಗೆ ಹೆಚ್ಚಾಗುತ್ತಿತ್ತು. ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ಪಾಠ ಮಾಡುವಾಗ ಕುರ್ಚಿಯಿಂದ ಏಳಲು ಭಯ. ಮೆಟ್ಟಿಲು ಹತ್ತಿದರೆ ಏದುಸಿರು. ಕೆಲಸ ಹೆಚ್ಚಾಯಿತು, ಅದಕ್ಕೆ ಸುಸ್ತು ಎಂದು ಹೇಳಿಕೊಂಡು ಎಂಟು ತಿಂಗಳು ದೂಡಿದೆ. ಒಂದು ದಿನ ತರಗತಿಯಲ್ಲೇ ಕಣ್ಣು ಕತ್ತಲಿಟ್ಟಿತು. ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 7 ಗ್ರಾಂ. ಹೆಂಗಸರಿಗೆ ಕನಿಷ್ಠ 12 ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಸುಸ್ತು ಎಂಬುದು ಹೆಣ್ಣಿನ ಸಹಜ ಗುಣ ಎಂದು ನಾವು ನಂಬಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಸುತ್ತಲಿನವರೆಲ್ಲರೂ ಸುಸ್ತಾಗಿರುವಾಗ ತನ್ನದು ಕಾಯಿಲೆ ಎಂದು ಯಾರಿಗೆ ಹೊಳೆಯುತ್ತದೆ?

ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಸ್ಕ್ಯಾನಿನಲ್ಲಿ ಗರ್ಭಕೋಶದ ಗೋಡೆಯಲ್ಲಿ ಫೈಬ್ರಾಯ್ಡ್ ಗಡ್ಡೆ ಕಂಡಿತು. ಅಲ್ಲಿನ ವೈದ್ಯರು ನನ್ನ ಮುಖ ನೋಡದೆ, “ಎರಡು ಮಕ್ಕಳಾಗಿದ್ದಾರಲ್ಲ, ಇನ್ನು ಗರ್ಭಕೋಶ ಯಾಕೆ? ಈ ವಾರವೇ ತೆಗೆಸಿಬಿಡಿ. ಬಿಟ್ಟರೆ ಕ್ಯಾನ್ಸರ್ ಆಗಬಹುದು” ಎಂದರು. ಕ್ಯಾನ್ಸರ್ ಎಂಬ ಪದ ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಗಂಡ ಹಣ ಹೊಂದಿಸಲು ಓಡಾಡಿದರು. ಅಂದು ನನ್ನನ್ನು ತಡೆದವರು ಉಮ್ಮ. “ನನಗೆ ತೆಗೆಯುವ ಮೊದಲು ಚೂರು ತೆಗೆದು ಪರೀಕ್ಷೆ ಮಾಡಿದ್ದರಲ್ಲ, ನಿನಗೆ ಮಾಡಿದರಾ? ನಮ್ಮ ಡಾಕ್ಟರಮ್ಮನಲ್ಲಿ ಒಮ್ಮೆ ಕೇಳಿ ಬಾ” ಎಂದರು.

ಉಮ್ಮನ ವೈದ್ಯೆ ಎಲ್ಲ ಪರೀಕ್ಷೆ ಮಾಡಿ ಹೇಳಿದ್ದು ಬೇರೆಯೇ. ಫೈಬ್ರಾಯ್ಡ್ ಬಹಳ ಸಾಮಾನ್ಯ, ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಮಾರ್ಪಡುವುದು ತೀರಾ ಅಪರೂಪ. ತೊಂದರೆ ಕೊಡದಿದ್ದರೆ ಹಾಗೆಯೇ ಬಿಡಬಹುದು. ಕೊಟ್ಟರೆ ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಗರ್ಭಕೋಶ ತೆಗೆಯುವುದು ಕೊನೆಯ ದಾರಿ. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮುಟ್ಟು ಒಮ್ಮೆಲೇ ನಿಂತು ಎಲುಬು ಸವೆಯುವ, ಹೃದಯಕ್ಕೆ ತೊಂದರೆಯಾಗುವ ಅಪಾಯ ಹೆಚ್ಚುತ್ತದೆ. ನನಗೆ ಕಬ್ಬಿಣಾಂಶದ ಚಿಕಿತ್ಸೆ ಕೊಟ್ಟು, ಕಾಪರ್-ಟಿಯಂತೆಯೇ ಕಾಣುವ ಹಾರ್ಮೋನ್ ಸಾಧನ ಅಳವಡಿಸಿದರು. ಆರು ತಿಂಗಳಲ್ಲಿ ಸ್ರಾವ ಹತೋಟಿಗೆ ಬಂತು. ಈಗ ನನಗೂ ಮುಟ್ಟು ನಿಲ್ಲುವ ವಯಸ್ಸಾಗಿದೆ. ಗರ್ಭಕೋಶ ಅದರ ಜಾಗದಲ್ಲೇ ಇದೆ.

ಎಲ್ಲರಿಗೂ ಹೀಗೆ ತಡೆಯುವ ಉಮ್ಮ ಇರುವುದಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶವನ್ನೇ ಬೆಚ್ಚಿಬೀಳಿಸಿತ್ತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ಬಡ ಹೆಂಗಸರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಲಾಗಿದೆ ಎಂಬ ದೂರು 2013ರಲ್ಲಿ ಸುಪ್ರೀಮ್ ಕೋರ್ಟಿಗೆ ಹೋಯಿತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರಕಾರ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಎಪ್ರಿಲಿನಲ್ಲಿ ನ್ಯಾಯಾಲಯ ಎಲ್ಲ ರಾಜ್ಯಗಳಿಗೆ ಹೇಳಿತು. ಒಂದೇ ಅಂಗದ ವಿಷಯ. ಒಂದೆಡೆ ಹೇಳದೆ ಸಾಯುವವರು, ಇನ್ನೊಂದೆಡೆ ಕೇಳದೆ ಕಳೆದುಕೊಳ್ಳುವವರು. ಎರಡಕ್ಕೂ ಬೇರು ಒಂದೇ, ನಮ್ಮ ದೇಹದ ಬಗ್ಗೆ ಪ್ರಶ್ನೆ ಕೇಳುವ ಅಭ್ಯಾಸ ನಮಗಿಲ್ಲದಿರುವುದು.

ಆಸ್ಪತ್ರೆಯಿಂದ ಬಂದ ಮೇಲೆ ಉಮ್ಮನಲ್ಲಿ ಆದ ಬದಲಾವಣೆ ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ನಮ್ಮ ಊರಿನ ಹೆಂಗಸರು ಮಧ್ಯಾಹ್ನದ ಮೇಲೆ ಒಬ್ಬರ ಜಗಲಿಯಲ್ಲಿ ಸೇರಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕೈ ಬೀಡಿ ಸುತ್ತುತ್ತಿದ್ದರೆ ಬಾಯಿ ಊರಿನ ಸುದ್ದಿ ಸುತ್ತುತ್ತಿತ್ತು. ಬ್ಯಾರಿ, ತುಳು ಎರಡೂ ಬೆರೆತ ಮಾತು. ಅತ್ತೆ ಸೊಸೆ ಜಗಳದಿಂದ ಹಿಡಿದು ಗಲ್ಫಿನ ವೀಸಾದವರೆಗೆ ಅಲ್ಲಿ ಬಾರದ ವಿಷಯವಿರಲಿಲ್ಲ, ಇದೊಂದನ್ನು ಬಿಟ್ಟು. ಹೊಲಿಗೆ ಮಾಯ್ದು ಮೂರು ತಿಂಗಳಲ್ಲಿ ಜಗಲಿಗೆ ಮರಳಿದ ಉಮ್ಮ, ತನಗೆ ಏನಾಗಿತ್ತು ಎಂದು ಹೆಸರಿಟ್ಟು ಹೇಳಿಬಿಟ್ಟರು. ಒಂದು ಕ್ಷಣ ಯಾರ ಕೈಯೂ ಆಡಲಿಲ್ಲವಂತೆ.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ನೆರೆಮನೆಯ ಒಬ್ಬಾಕೆಗೆ ಐದು ಹೆರಿಗೆಯಾಗಿ ಗರ್ಭಕೋಶ ಜಾರಿತ್ತು. ಹನ್ನೊಂದು ವರ್ಷ ಬಟ್ಟೆ ಕಟ್ಟಿಕೊಂಡು ದಿನ ದೂಡಿದ್ದಳು. ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುತ್ತಿತ್ತು. ವುಝೂ ನಿಲ್ಲದೆ ನಮಾಝ್ ಮಾಡುವುದು ಹೇಗೆಂದು ಒಳಗೊಳಗೇ ಕೊರಗುತ್ತಿದ್ದಳು. ಉಮ್ಮ ಅವಳನ್ನು ವೈದ್ಯೆಯ ಬಳಿಗೆ ಕರೆದೊಯ್ದರು. ಗರ್ಭಕೋಶವನ್ನು ಮೇಲಕ್ಕೆ ಹಿಡಿದಿಡುವ ಒಂದು ರಬ್ಬರಿನ ಬಳೆಯನ್ನು ಒಳಗೆ ಕೂರಿಸಿದರು. ಅಷ್ಟರಲ್ಲೇ ಅವಳು ನೆಟ್ಟಗೆ ನಡೆದಳು. ಹನ್ನೊಂದು ವರ್ಷದ ಕಷ್ಟಕ್ಕೆ ಆ ದಿನ ಹಿಡಿದದ್ದು ಕಾಲು ಗಂಟೆ. ಇನ್ನೊಬ್ಬ ಹೊಸ ಮದುಮಗಳಿಗೆ ಬಿಳಿಸೆರಗು. ಬಿಳಿ ಹೋಗುವುದೆಲ್ಲ ಎಲುಬು ಕರಗಿ ಹೋಗುವುದು ಎಂದು ಅವಳ ಮನೆಯವರು ಹೆದರಿಸಿದ್ದರು. ಬಣ್ಣವಿಲ್ಲದ, ವಾಸನೆಯಿಲ್ಲದ ಸ್ವಲ್ಪ ಸ್ರಾವ ಸಹಜ. ತುರಿಕೆ, ದುರ್ವಾಸನೆ, ಹಳದಿ ಅಥವಾ ಹಸಿರು ಬಣ್ಣ, ಮೊಸರಿನಂಥ ಗಟ್ಟಿ ಸ್ರಾವ ಇದ್ದರೆ ಅದು ಸೋಂಕು, ಔಷಧದಿಂದ ವಾಸಿಯಾಗುತ್ತದೆ. ಕೆಲವು ಸೋಂಕುಗಳಿಗೆ ಗಂಡನಿಗೂ ಜೊತೆಯಲ್ಲೇ ಔಷಧ ಕೊಡಬೇಕಾಗುತ್ತದೆ. ಅವಳ ಗಂಡನಿಗೆ ಇದನ್ನು ಹೇಳಿದವರೂ ಉಮ್ಮನೇ.

ಕಳೆದ ಕೆಲವು ವರ್ಷಗಳಿಂದ ಉಮ್ಮ ಆಶಾ ಕಾರ್ಯಕರ್ತೆಯ ದೊಡ್ಡ ಬೆಂಬಲಿಗರು. ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಕೊರಳಿಗೆ ವಿನೆಗರಿನಂಥ ದ್ರವ ಸವರಿ ಬಣ್ಣ ಬದಲಾಗುತ್ತದೆಯೇ ಎಂದು ನೋಡುವುದು, ಕೆಲವೇ ನಿಮಿಷದ ಕೆಲಸ. ಈ ಕ್ಯಾನ್ಸರ್ ಉಮ್ಮನಿಗೆ ಬಂದದ್ದಲ್ಲ, ಬೇರೆ. ಇದು ಹೆಚ್ಚಾಗಿ ಎಚ್‌ಪಿವಿ ಎಂಬ ವೈರಸಿನಿಂದ ಬರುತ್ತದೆ, ಅದಕ್ಕೆ ಲಸಿಕೆಯೂ ಇದೆ. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂತು. 9ರಿಂದ 14 ವರ್ಷದ ಹುಡುಗಿಯರಿಗೆ ಕೊಟ್ಟರೆ ಅದರ ಫಲ ಹೆಚ್ಚು. ಆದರೆ ಲಸಿಕೆ ಹಾಕಿಸಿದೆ, ಕೊರಳಿನ ತಪಾಸಣೆ ಮಾಡಿಸಿದೆ ಎಂದು ಮುಟ್ಟು ನಿಂತ ಮೇಲೆ ಬಂದ ರಕ್ತವನ್ನು ಕಡೆಗಣಿಸುವಂತಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

2023ರಲ್ಲಿ ನನ್ನ ಮಗಳಿಗೆ 17 ವರ್ಷ. ಪಿಯುಸಿ ಓದುತ್ತಿದ್ದಳು. ಒಂದು ಸಂಜೆ ನಾವು ಮೂವರೂ ತವರಿನ ಅಡುಗೆಮನೆಯಲ್ಲಿದ್ದೆವು. ಮಗಳು ಮೊಬೈಲ್ ಮುಂದೆ ಹಿಡಿದು, “ಉಮ್ಮಾ, ನನಗೆ ಎರಡೂವರೆ ತಿಂಗಳಾದರೂ ಆಗಿಲ್ಲ. ಅದಕ್ಕಿಂತ ಮೊದಲಿನದೂ ತಡವಾಗಿತ್ತು. ಗಲ್ಲದ ಮೇಲೆ ಕೂದಲೂ ಬರುತ್ತಿದೆ. ಡಾಕ್ಟರಲ್ಲಿಗೆ ಹೋಗೋಣವಾ?” ಎಂದಳು. ಅವಳ ಲೆಕ್ಕ ಮೊಬೈಲಿನಲ್ಲಿತ್ತು. ಪಿಸಿಓಡಿ ಎಂದು ಗೊತ್ತಾಯಿತು. ಮಗುವಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ತೊಂದರೆ ಇದು. ಮದುವೆಯಾದರೆ ಸರಿಹೋಗುತ್ತದೆ ಎಂದು ಯಾರೋ ಸಂಬಂಧಿಕರು ಹೇಳಿದರು, ಅದು ಸುಳ್ಳು. ನಿಯಮಿತ ವ್ಯಾಯಾಮ, ಊಟದಲ್ಲಿ ಹತೋಟಿ, ಬೇಕಿದ್ದರೆ ಔಷಧ ಇದಕ್ಕೆ ದಾರಿ. ತಿಂಗಳುಗಟ್ಟಲೆ ಮುಟ್ಟು ಬಾರದೆ ಹಾಗೆಯೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ. ಮುಂದೆ ಅಜ್ಜಿಗೆ ಬಂದ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ. ಅದನ್ನು ವೈದ್ಯೆ ಹೇಳಿದಾಗ ನಾನು ಮಗಳ ಕೈ ಹಿಡಿದುಕೊಂಡೆ. ದೊಡ್ಡಮ್ಮ ಎರಡು ವರ್ಷ ಮುಚ್ಚಿಟ್ಟರು, ಉಮ್ಮ ನಾಲ್ಕು ತಿಂಗಳು, ನಾನು ಎಂಟು ತಿಂಗಳು. ಮಗಳು ಅಡುಗೆಮನೆಯಲ್ಲಿ ಎಲ್ಲರೆದುರು ಕೇಳಿದಳು.

ಓದುಗ ಸಹೋದರಿಯರೇ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಪರ್ಕದ ನಂತರ ರಕ್ತ ಬಂದರೆ, ತಿಂಗಳ ಸ್ರಾವ ಏಳು ದಿನ ದಾಟಿದರೆ, ಗಡ್ಡೆಗಡ್ಡೆಯಾಗಿ ಹೋದರೆ ದಯವಿಟ್ಟು ಹಬ್ಬ ಕಳೆಯಲಿ ಎಂದು ಕಾಯಬೇಡಿ. ಖರ್ಚಿನ ಭಯವಿದ್ದರೆ, ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ ಎಂಬುದು ನೆನಪಿರಲಿ. ಸಹೋದರರೇ, ನಿಮ್ಮ ತಾಯಿ ರಮಝಾನಿನಲ್ಲಿ ಗೋಡೆಗೆ ಮುಖ ಮಾಡಿ ನೀರು ಕುಡಿಯುವ ಪರಿಸ್ಥಿತಿ ನಿಮ್ಮ ಮನೆಯಲ್ಲಿದೆಯೇ ಎಂದು ಒಮ್ಮೆ ನೋಡಿ.

ಬೀಡಿ ಕೆಲಸ ಈಗ ಬಹಳ ಕಡಿಮೆಯಾಗಿದೆ. ಆದರೂ ಜಗಲಿಯಲ್ಲಿ ಇಬ್ಬರು ಮೂವರು ಸೇರುತ್ತಾರೆ. ಮೊನ್ನೆ ನಾನು ಹೋದಾಗ ಉಮ್ಮ ಗೋಡೆಗೊರಗಿ ಕುಳಿತಿದ್ದರು. ಹೊಸದಾಗಿ ಬಾಡಿಗೆಗೆ ಬಂದ ಮನೆಯ ಹೆಂಗಸು ಪಕ್ಕದಲ್ಲಿದ್ದಳು, ವಯಸ್ಸು ಐವತ್ತರ ಮೇಲೆ. ಊರು, ಮಕ್ಕಳು ಎಲ್ಲ ವಿಚಾರಿಸಿದ ಮೇಲೆ ಉಮ್ಮ ಧ್ವನಿ ತಗ್ಗಿಸದೆಯೇ ಕೇಳಿದರು, “ನಿನಗೆ ನಿಂತು ಎಷ್ಟು ವರ್ಷವಾಯಿತು? ಆಮೇಲೆ ಏನಾದರೂ ಕಂಡಿದೆಯಾ?”

ಆ ಹೆಂಗಸು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಉಮ್ಮನ ಹತ್ತಿರಕ್ಕೆ ಸರಿದು ಕುಳಿತಳು.